ತೋಟದ ಕಸದಿಂದ ಹಂಡೆ ತುಂಬ ಬಿಸಿನೀರು: ಬಚ್ಚಲೊಲೆಯ ಸಮಗ್ರ ಮಾರ್ಗದರ್ಶಿ

ಶಿರಸಿ ಸೀಮೆಯಲ್ಲಿ ಮನೆಗೆ ಬಿಸಿ ಬೇಕು ಅಂದರೆ ಕೋಣೆ ಬಿಸಿಯಾಗಬೇಕು ಅಂತಲ್ಲ, ನೀರು ಬಿಸಿಯಾಗಬೇಕು ಅಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದು ಮುಗಿದು ಎರಡು ತಿಂಗಳಿಗೆ ಚಳಿ. ತೋಟದಲ್ಲಿ ಉಂಬಳ ಕಚ್ಚಿಸಿಕೊಂಡು ಒದ್ದೆಯಾಗಿ ಬಂದವರಿಗೆ, ಬಾಣಂತಿಗೆ, ಮಂಡಿ ನೋವಿನ ಅಜ್ಜನಿಗೆ ಹಂಡೆ ನೀರು ಕಾದಿರಲೇಬೇಕು. ಸೋಲಾರ್ ಮಳೆಗಾಲದಲ್ಲಿ ಕೈ ಕೊಡುತ್ತದೆ. ಗಾಳಿಗೆ ಮರ ಬಿದ್ದರೆ ಕರೆಂಟೂ ಇಲ್ಲ. ಆಗ ಉಳಿಯುವುದು ಬಚ್ಚಲೊಲೆ.

ಆದರೆ ಬಹಳ ಮನೆಗಳಲ್ಲಿ ಈ ಒಲೆ ಕಟ್ಟಿಗೆ ತಿನ್ನುವ ಭೂತ. ಬೆಳಿಗ್ಗೆ ಒಂದು ಹೊರೆ ಹಾಕಿದರೂ ಹೊಗೆಯೇ ಜಾಸ್ತಿ, ನೀರು ಉಗುರು ಬೆಚ್ಚಗೆ. ಹೊಸ ಒಲೆ ಕಟ್ಟಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಬೇರೆ. ಮೊದಲು ಕಟ್ಟಿಗೆ ಒಣಗಿಸಿ, ಆಮೇಲೆ ಒಲೆ ನೋಡಿ. ಮಳೆಗಾಲದ ಬಿಸಿನೀರನ್ನು ಫೆಬ್ರವರಿಯಲ್ಲೇ ಕಾಯಿಸಲು ಶುರು ಮಾಡಬೇಕು. ಈ ಬರಹದಲ್ಲಿ ಒಣಗಿಸುವುದಕ್ಕೇ ಒಂದು ಭಾಗ ಇದೆ, ಅದಕ್ಕೆ ಕಾರಣ ಇದು.

ಮೊದಲು ಒಂದು ಸಣ್ಣ ಲೆಕ್ಕ

60 ಲೀಟರ್ ಹಂಡೆ ಇದೆ ಅಂದುಕೊಳ್ಳಿ. ನೀರು 25 ಡಿಗ್ರಿಯಿಂದ 65 ಡಿಗ್ರಿಗೆ ಏರಬೇಕು. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲರಿ ಬೇಕು. ಹಾಗಾಗಿ 60 ಗುಣಿಸು 40, ಒಟ್ಟು 2,400 ಕಿಲೋಕ್ಯಾಲರಿ. ಕರೆಂಟಿನಲ್ಲಾದರೆ ಇದು ಸುಮಾರು 2.8 ಯೂನಿಟ್.

ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3,500 ಕಿಲೋಕ್ಯಾಲರಿ ಇದೆ. ಅಂದರೆ ಮುಕ್ಕಾಲು ಕಿಲೋ ಕಟ್ಟಿಗೆಯೂ ಬೇಡ! ಮತ್ತೆ ಐದಾರು ಕಿಲೋ ಯಾಕೆ ಉರಿಯುತ್ತದೆ? ಮೂರು ಕಲ್ಲಿನ ಮೇಲೆ ಹಂಡೆ ಇಟ್ಟ ತೆರೆದ ಒಲೆಯಲ್ಲಿ ನೂರರಲ್ಲಿ ಹತ್ತು ಹದಿನೈದು ಪಾಲು ಶಾಖ ಮಾತ್ರ ನೀರಿಗೆ ಸೇರುತ್ತದೆ. ಉಳಿದದ್ದು ಗಾಳಿಗೆ, ಗೋಡೆಗೆ, ಹೊಗೆಗೆ. ಸುತ್ತ ಮುಚ್ಚಿ, ಕೆಳಗೆ ಜಾಲರಿ ಇಟ್ಟು, ಹೊಗೆ ಕೊಳವೆ ಹಾಕಿದ ಒಲೆಯಲ್ಲಿ ಮೂವತ್ತು ಪಾಲು ಸೇರಿದರೆ ಎರಡು ಎರಡೂವರೆ ಕಿಲೋದಲ್ಲಿ ಕೆಲಸ ಮುಗಿಯುತ್ತದೆ.

ಈಗ ಹಸಿ ಕಟ್ಟಿಗೆ ನೋಡಿ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರು ಆವಿಯಾಗಿ ಹೋಗಲು ಕಿಲೋಗೆ ಸುಮಾರು 600 ಕಿಲೋಕ್ಯಾಲರಿ ಖರ್ಚು. ಹಂಡೆಯ ನೀರು ಕಾಯಿಸುವ ಮೊದಲು ನೀವು ಕಟ್ಟಿಗೆಯೊಳಗಿನ ನೀರು ಕಾಯಿಸುತ್ತಿದ್ದೀರಿ. ಬೆಂಕಿಯ ಬಿಸಿಯೂ ಇಳಿಯುತ್ತದೆ, ಹೊಗೆ ಪೂರ್ತಿ ಸುಡದೆ ಹಾಗೇ ಹೊರಗೆ ಬರುತ್ತದೆ.

ಏನು ಸುಡಬೇಕು

ಒಂದು ಎಕರೆ ತೋಟದಲ್ಲಿ ಸುಮಾರು 500 ಅಡಿಕೆ ಮರ. ಒಂದು ಮರ ವರ್ಷಕ್ಕೆ ಐದಾರು ಸೋಗೆ (ಒಣಗಿದ ಎಲೆ) ಬೀಳಿಸುತ್ತದೆ. ಅಲ್ಲಿಗೆ ಎಕರೆಗೆ 2,500ರಿಂದ 3,000 ಸೋಗೆ ಆಯಿತು. ತೆಂಗಿನ ಮರ ತಿಂಗಳಿಗೆ ಒಂದರಂತೆ ಮಡಲು ಕೊಡುತ್ತದೆ. ಇದರ ಮೇಲೆ ಅಡಿಕೆ ಸಿಪ್ಪೆ, ಕಾಯಿ ಸಿಪ್ಪೆ, ಗರಟೆ, ಕೊಕ್ಕೋ ಮತ್ತು ಕಾಳುಮೆಣಸಿನ ಆಸರೆ ಮರಗಳ ಕೊಂಬೆ. ಕಾಡಿಗೆ ಹೋಗದೆ ಒಂದು ಮನೆಯ ಹಂಡೆ ವರ್ಷವಿಡೀ ಕಾಯಲು ಇಷ್ಟು ಸಾಕು.

ಕಾಡಿಗೆ ಹೋಗದೆ ಅಂತ ನಾನು ಬೇಕೆಂದೇ ಹೇಳಿದ್ದು. 1983ರಲ್ಲಿ ಅಪ್ಪಿಕೋ ಚಳವಳಿಯಲ್ಲಿ ಸಾಲ್ಕಣಿಯ ಜನ ಮರ ಕಡಿಯದಂತೆ ಮರಗಳನ್ನು ಅಪ್ಪಿ ನಿಂತ ಸೀಮೆ ಇದು. ಸೊಪ್ಪಿನ ಬೆಟ್ಟ ಇರುವುದು ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಸಿಗಲಿ ಅಂತ, ಮರ ಕಡಿದು ಬಚ್ಚಲಿಗೆ ಹಾಕಲಿ ಅಂತಲ್ಲ. ಬೆಳೆದಷ್ಟನ್ನೇ ಸುಟ್ಟರೆ ಮಾತ್ರ ಈ ಇಂಧನ ಮತ್ತೆ ಮತ್ತೆ ಸಿಗುತ್ತದೆ. ಇಲ್ಲದಿದ್ದರೆ ಅದೂ ಡೀಸೆಲ್ ಥರವೇ, ಒಂದು ದಿನ ಖಾಲಿ.

ಹಾಗಂತ ತೋಟದ ಕಸ ಪೂರ್ತಿ ಬಳಿದು ತರಬೇಡಿ. ಸೋಗೆಯ ಗರಿ ತೋಟದಲ್ಲೇ ಮುಚ್ಚಿಗೆಯಾಗಿ ಕೊಳೆಯಲಿ. ಒಲೆಗೆ ನಡುವಿನ ದಂಟು ಸಾಕು. ಹಾಳೆ ದನಕ್ಕೋ ತಟ್ಟೆ ಮಾಡುವವರಿಗೋ ಹೋಗಲಿ. ಸಗಣಿಯನ್ನು ಬೆರಣಿ ತಟ್ಟಿ ಸುಡುವುದಕ್ಕಿಂತ ಗೋಬರ್ ಗ್ಯಾಸಿಗೆ ಹಾಕುವುದು ಎಷ್ಟೋ ಮೇಲು. ಅನಿಲವೂ ಸಿಗುತ್ತದೆ, ಗೊಬ್ಬರವೂ ಉಳಿಯುತ್ತದೆ.

ಒಂದೊಂದು ಉರುವಲಿಗೆ ಒಂದೊಂದು ಗುಣ. ಗರಟೆ ಧಗಧಗ ಉರಿಯುತ್ತದೆ, ಶಾಖ ಜಾಸ್ತಿ, ಒಲೆ ಹೊತ್ತಿಸಲು ಚಿನ್ನದಂಥದ್ದು. ಅಡಿಕೆ ಸಿಪ್ಪೆ ಹಗುರ, ಬೇಗ ಹತ್ತಿ ಬೇಗ ಮುಗಿಯುತ್ತದೆ. ಹತ್ತಿರ ಕೂತು ಹಾಕುತ್ತಿರಬೇಕು. ಕಾಯಿ ಸಿಪ್ಪೆ ನಿಧಾನ, ಒಳಗೊಳಗೇ ಕನಲುತ್ತದೆ. ರಾತ್ರಿ ನೀರು ಬೆಚ್ಚಗೆ ಉಳಿಯಲು ಒಳ್ಳೆಯದು. ಅಕೇಶಿಯಾ ಮತ್ತು ಕರಾವಳಿಯ ಗಾಳಿಮರದ ಸೀಳು ಗಟ್ಟಿ ಕೆಂಡ ಕೊಡುತ್ತವೆ. ನಾನು ಎರಡು ಬೆರೆಸುತ್ತೇನೆ: ಶುರುವಿಗೆ ಗರಟೆ ಮತ್ತು ಅಡಿಕೆ ಸಿಪ್ಪೆ, ಆಮೇಲೆ ಎರಡು ಮೂರು ಸೀಳು.

ಇವನ್ನು ಮಾತ್ರ ಒಲೆಗೆ ಹಾಕಲೇಬೇಡಿ. ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು. ಹೊಳಗೇರು ಮರದ ಕಟ್ಟಿಗೆ: ಅದರ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ, ಹೊಗೆಯೂ ಕೆಟ್ಟದ್ದು. ಕುಮಟಾ, ಅಂಕೋಲಾ ಕಡೆ ಗೇರುಬೀಜದ ಸಿಪ್ಪೆ ಅಗ್ಗಕ್ಕೆ ಸಿಗುತ್ತದೆ, ಬೆಂಕಿಯೂ ಜೋರು. ಆದರೆ ಅದರ ಎಣ್ಣೆಯ ಹೊಗೆ ಕಣ್ಣು ಗಂಟಲು ಉರಿಸುತ್ತದೆ. ಮನೆಯ ಒಲೆಗೆ ಅದು ಬೇಡ. ಕಡಲ ದಂಡೆಗೆ ತೇಲಿ ಬಂದ ಮರವೂ ಬೇಡ. ಉಪ್ಪು ಕುಡಿದ ಆ ಕಟ್ಟಿಗೆ ತಗಡಿನ ಕೊಳವೆಯನ್ನು ಬೇಗ ತಿಂದುಹಾಕುತ್ತದೆ.

ಒಣಗಿಸುವುದು

ಕಟ್ಟಿಗೆಯಿಂದ ಶುರು ಮಾಡೋಣ. ಡಿಸೆಂಬರ್ ಜನವರಿಯಲ್ಲಿ ಕೊಂಬೆ ಕಡಿದು, ಕುಂಟೆಯನ್ನು (ದಪ್ಪ ದಿಮ್ಮಿಯನ್ನು) ಆಗಲೇ ಸೀಳಿಬಿಡಿ. ಹಸಿ ಇದ್ದಾಗ ಸೀಳುವುದು ಸುಲಭ. ಇನ್ನೊಂದು ಕಾರಣ, ತೊಗಟೆ ನೀರನ್ನು ಹಿಡಿದಿಡುತ್ತದೆ. ಇಡೀ ಕುಂಟೆ ಎರಡು ಬೇಸಿಗೆ ಕಳೆದರೂ ಒಳಗೆ ತೇವ ಬಿಡುವುದಿಲ್ಲ. ಮಣಿಕಟ್ಟಿನಷ್ಟು ದಪ್ಪ, ಒಂದೂವರೆ ಅಡಿ ಉದ್ದದ ಸೀಳು ಬಚ್ಚಲೊಲೆಗೆ ಹದ.

ನೆಲದ ಮೇಲೆ ನೇರವಾಗಿ ಒಟ್ಟಬೇಡಿ. ಕೆಳಗೆ ಎರಡು ಸಾಲು ಅಡಿಕೆ ದಬ್ಬೆಯನ್ನೋ ಚಿರೆಕಲ್ಲನ್ನೋ ಇಟ್ಟು ಅದರ ಮೇಲೆ ಅಡ್ಡಡ್ಡ ಒಟ್ಟಿ. ನಡುವೆ ಗಾಳಿ ಆಡಬೇಕು. ಮೇಲೆ ಮಾತ್ರ ತಗಡು ಅಥವಾ ಟಾರ್ಪಲ್, ಬದಿಗಳು ತೆರೆದೇ ಇರಲಿ. ಸುತ್ತಲೂ ಟಾರ್ಪಲ್ ಬಿಗಿದು ಕಟ್ಟುವುದು ನಾನು ಕಂಡ ಅತಿ ದೊಡ್ಡ ತಪ್ಪು. ಒಳಗೆ ಬೆವರಿ ಕಟ್ಟಿಗೆಗೆ ಬಿಳಿ ಬೂಷ್ಟು ಬರುತ್ತದೆ.

ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಎರಡು ಸೀಳು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಪ್ ಅನ್ನುತ್ತದೆ. ಕಡಿದ ತುದಿಯಲ್ಲಿ ನಡುವಿನಿಂದ ಹೊರಗೆ ಬಿರುಕು ಕಾಣಬೇಕು. ತೊಗಟೆ ಕೈಯಲ್ಲಿ ಎದ್ದು ಬರಬೇಕು. ಇನ್ನೂ ಖಚಿತ ಬೇಕಾದರೆ ಒಂದು ಸೀಳಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಕ ಮಾಡಿ. ಎರಡು ವಾರ ತೂಕ ಇಳಿಯದೆ ನಿಂತಿತು ಅಂದರೆ ನಮ್ಮ ಹವೆಯಲ್ಲಿ ಆಗಬಹುದಾದಷ್ಟು ಒಣಗಿದೆ.

ಅಡಿಕೆ ಸಿಪ್ಪೆ ಎರಡು ಥರ. ಕೆಂಪಡಿಕೆ ಮಾಡಲು ಹಸಿ ಅಡಿಕೆ ಸುಲಿದಾಗ ಬರುವ ಸಿಪ್ಪೆ ನೀರಿನ ಚೀಲ. ರಾಶಿ ಹಾಕಿ ಬಿಟ್ಟರೆ ಒಂದು ವಾರಕ್ಕೆ ವಾಸನೆ, ನೊಣ. ಬೇಗ ಕೊಳೆಯುವುದೂ ಇಲ್ಲ, ಹಾಗಾಗಿಯೇ ಎಷ್ಟೋ ಕಡೆ ರಸ್ತೆ ಬದಿಗೆ ಬಿದ್ದಿರುತ್ತದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಸುಲಿದ ಮರುದಿನವೇ ಅಂಗಳದಲ್ಲಿ ನಾಲ್ಕು ಬೆರಳಿಗಿಂತ ದಪ್ಪ ಆಗದಂತೆ ಹರವಿ. ದಿನಕ್ಕೊಮ್ಮೆ ಕೋಲಿನಿಂದಲೋ ಕೈಯಿಂದಲೋ ಕೆದಕಿ. ಒಳ್ಳೆ ಬಿಸಿಲಿದ್ದರೆ ನಮ್ಮಲ್ಲಿ ಹತ್ತು ಹನ್ನೆರಡು ದಿನಕ್ಕೆ ಬಿರುಸಾಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಚರಚರ ಸದ್ದು ಬರಬೇಕು, ನಾರು ಮೆತ್ತಗೆ ಬಾಗಬಾರದು.

ಚಾಲಿ ಅಂದರೆ ಹಣ್ಣಡಿಕೆಯನ್ನು ಒಣಗಿಸಿ ಆಮೇಲೆ ಸುಲಿದದ್ದು. ಅದರ ಸಿಪ್ಪೆಗೆ ಈ ಕಷ್ಟ ಇಲ್ಲ. ಸುಲಿಯದ ಗೋಟು ಅಡಿಕೆ 40 ದಿನದ ಹತ್ತಿರ ಅಂಗಳದಲ್ಲಿ ಬಿಸಿಲು ತಿಂದಿರುತ್ತದೆ. ಸುಲಿದ ಕೂಡಲೇ ಗೋಣಿ ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದರಾಯಿತು. ಮಳೆಗಾಲದ ಅತ್ಯುತ್ತಮ ಉರುವಲು ಇದೇ. ಪ್ಲಾಸ್ಟಿಕ್ ಚೀಲ ಬೇಡ, ಗೋಣಿಯೇ ಆಗಬೇಕು. ಕಟ್ಟಿಗೆ ಕೊಟ್ಟಿಗೆ ಏಪ್ರಿಲ್ ಕೊನೆಗೆ ತುಂಬಿರಲಿ. ಮೇ ತಿಂಗಳ ಗುಡುಗು ಮಳೆ ಯಾರನ್ನೂ ಕೇಳಿ ಬರುವುದಿಲ್ಲ.

ಒಲೆ ಕಟ್ಟುವುದು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಎಂಬ ಘಟಕ ಶುರು ಮಾಡಿದರು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಬಂತು. ಅದರ ಗುಟ್ಟು ಮೂರೇ: ಬೆಂಕಿ ಮುಚ್ಚಿದ ಗೂಡಿನಲ್ಲಿರಬೇಕು, ಕೆಳಗಿನಿಂದ ಜಾಲರಿ ಮೂಲಕ ಗಾಳಿ ಬರಬೇಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗಬೇಕು. ಬಚ್ಚಲೊಲೆಗೂ ಇದೇ ಸಾಕು.

ಹಳೆ ಹಂಡೆಯೇ ಇರಲಿ. ಅದರ ಸುತ್ತಳತೆ ನೋಡಿ, ಸುತ್ತಲೂ ಎರಡು ಬೆರಳು ಜಾಗ ಬಿಟ್ಟು ದುಂಡಗೆ ಗೋಡೆ ಎಬ್ಬಿಸಿ. ಈ ಎರಡು ಬೆರಳಿನ ಸಂದಿಯಲ್ಲೇ ಬಿಸಿ ಗಾಳಿ ಹಂಡೆಯ ಹೊಟ್ಟೆ ನೆಕ್ಕುತ್ತಾ ಮೇಲೇರುತ್ತದೆ. ಸಂದಿ ಅಗಲ ಆದರೆ ಬಿಸಿ ಹಂಡೆಯನ್ನು ಮುಟ್ಟದೆ ಹೋಗುತ್ತದೆ, ತೀರಾ ಕಿರಿದಾದರೆ ಹೊಗೆ ಒಲೆಯ ಬಾಯಿಗೆ ತಿರುಗಿ ಬರುತ್ತದೆ. ಹಂಡೆಯ ಕುತ್ತಿಗೆಯ ಹತ್ತಿರ ಮಣ್ಣಿನಿಂದ ಮೆತ್ತಿ ಸಂದಿ ಪೂರ್ತಿ ಮುಚ್ಚಿ. ಹೊಗೆಗೆ ಒಂದೇ ದಾರಿ ಉಳಿಯಬೇಕು: ಒಲೆಯ ಬಾಯಿಗೆ ಎದುರು ಬದಿಯಲ್ಲಿ, ಮೇಲ್ಭಾಗದಲ್ಲಿರುವ ಕೊಳವೆಯ ತೂತು.

ಕೆಳಗೆ ಬೂದಿ ಗುಂಡಿ, ಅದರ ಮೇಲೆ ಕಬ್ಬಿಣದ ಸರಳಿನ ಜಾಲರಿ. ಬೆರಳು ದಪ್ಪದ ಸರಳು, ನಡುವೆ ಕಿರುಬೆರಳು ತೂರುವಷ್ಟು ಸಂದಿ. ಜಾಲರಿಯಿಂದ ಹಂಡೆಯ ತಳಕ್ಕೆ ಒಂದು ಗೇಣು ಎತ್ತರ ಇರಲಿ. ಬಹಳ ಜನ ಹಂಡೆಯನ್ನು ಬೆಂಕಿಗೆ ತೀರಾ ಹತ್ತಿರ ಕೂರಿಸುತ್ತಾರೆ. ತಣ್ಣನೆ ತಳಕ್ಕೆ ಜ್ವಾಲೆ ತಾಗಿ ಅರ್ಧಕ್ಕೇ ಆರುತ್ತದೆ, ಬರೀ ಮಸಿ ಹಿಡಿಯುತ್ತದೆ. ಜ್ವಾಲೆ ಪೂರ್ತಿ ಅರಳಲು ಜಾಗ ಕೊಡಿ. ಕಟ್ಟಿಗೆ ಹಾಕುವ ಬಾಯಿ ಆರೇಳು ಇಂಚಿಗಿಂತ ದೊಡ್ಡದು ಬೇಡ. ಅದಕ್ಕೊಂದು ತಗಡಿನ ಮುಚ್ಚಳ ಮಾಡಿ. ಬೂದಿ ಗುಂಡಿಯ ಬಾಯಿ ಮಾತ್ರ ತೆರೆದಿರಲಿ, ಒಲೆ ಉಸಿರಾಡುವುದು ಅಲ್ಲಿಂದ.

ಹೊರಗೋಡೆ ಚಿರೆಕಲ್ಲಿನದ್ದಾದರೂ ಒಳಗೆ ಸಿಮೆಂಟ್ ಬೇಡ, ಶಾಖಕ್ಕೆ ಬಿರಿಯುತ್ತದೆ. ಹುತ್ತದ ಮಣ್ಣು, ಭತ್ತದ ಹೊಟ್ಟು, ಸ್ವಲ್ಪ ಸಗಣಿ ಕಲಸಿ ಎರಡು ದಿನ ಹುಳಿಯಲು ಬಿಡಿ. ಕಾಲಲ್ಲಿ ತುಳಿದು ಮೆದುವಾದ ಮೇಲೆ ಒಳಗೆಲ್ಲ ಮೆತ್ತಿ. ಸುಟ್ಟ ಹೊಟ್ಟು ಮಣ್ಣಿನೊಳಗೆ ಸಣ್ಣ ಸಣ್ಣ ತೂತು ಬಿಡುತ್ತದೆ. ಗೋಡೆ ಬಿಸಿ ಹಿಡಿದಿಡುವುದು ಅದರಿಂದಲೇ. ಕಟ್ಟಿದ ಕೂಡಲೇ ಜೋರು ಬೆಂಕಿ ಬೇಡ. ಹತ್ತು ದಿನ ನೆರಳಲ್ಲಿ ಆರಲಿ. ಆಮೇಲೂ ಮೊದಲ ಒಂದು ವಾರ ಸಣ್ಣ ಬೆಂಕಿ ಮಾತ್ರ. ಹಂಡೆಯಲ್ಲಿ ನೀರು ಇರಲೇಬೇಕು.

ಕೊಳವೆ ಐದು ಇಂಚಿನದ್ದು ಸಾಕು. ಮಾಡಿನ (ಛಾವಣಿಯ) ಮೇಲೆ ಎರಡಡಿ ಏರಿರಬೇಕು, ತಲೆಗೆ ಮಳೆ ತಡೆಯುವ ಟೋಪಿ. ಹಂಚಿನ ಮನೆಯವರು ಇಲ್ಲಿ ಎಚ್ಚರ ವಹಿಸಬೇಕು. ಬಿಸಿ ಕೊಳವೆ ಮಾಡಿನ ಮರದ ರೀಪು ಪಕಾಸಿಗೆ ಒಂದಡಿಯಾದರೂ ದೂರ ಇರಲಿ. ಆಗದಿದ್ದರೆ ಮಾಡು ತೂರಿಸದೆ ಗೋಡೆಯಿಂದ ಹೊರಗೆ ತೆಗೆದು ಮೇಲೆ ಏರಿಸಿ. ಹಾಗೆ ಮಾಡಿದರೆ ಸೋರಿಕೆಯ ಕಾಟವೂ ತಪ್ಪುತ್ತದೆ.

ಅಕ್ಕನ ಮನೆ ಕಾರವಾರದ ಹತ್ತಿರ. ಅಲ್ಲಿ ಹಂಡೆ ಇಲ್ಲ, ತಾಮ್ರದ ಬಂಬ ಇದೆ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಜಾಗ ಕಡಿಮೆ ಇರುವ ಪೇಟೆ ಮನೆಗೆ ಅದೇ ಚೆಂದ. ನಾಲ್ಕು ಮುಷ್ಟಿ ಗರಟೆ ಚೂರಿಗೆ ಒಬ್ಬರ ಸ್ನಾನದ ನೀರು ಸಿಗುತ್ತದೆ. ಖಾಲಿ ಬಂಬಕ್ಕೆ ಬೆಂಕಿ ಹಾಕಬಾರದು, ಬೆಸುಗೆ ಬಿಡುತ್ತದೆ. ಬಂಬವಾಗಲಿ, ಒಲೆಯೊಳಗೆ ಸುರುಳಿ ಪೈಪು ಹಾಕಿದ ವ್ಯವಸ್ಥೆಯಾಗಲಿ, ಆವಿ ಹೊರಹೋಗುವ ದಾರಿ ಯಾವತ್ತೂ ಮುಚ್ಚಬಾರದು. ಬಿಸಿನೀರಿನ ಕಡೆ ನಲ್ಲಿ ಇಟ್ಟರೆ ಅದಕ್ಕೂ ಮೊದಲು ತೆರೆದ ಪೈಪು ಒಂದು ಮೇಲಕ್ಕೆ ಹೋಗಿರಲೇಬೇಕು. ಇಲ್ಲದಿದ್ದರೆ ಅದು ಬಾಂಬ್ ಆಗುತ್ತದೆ.

ಮರದ ಪುಡಿ ಒಲೆ

ಸಾಮಿಲ್ ಹತ್ತಿರ ಇರುವವರಿಗೆ ಇದು. 15 ಲೀಟರಿನ ಎಣ್ಣೆ ಡಬ್ಬದ ಮೇಲ್ಭಾಗ ಕತ್ತರಿಸಿ, ಬುಡದ ಹತ್ತಿರ ಬದಿಯಲ್ಲಿ ಎರಡು ಇಂಚಿನ ತೂತು ಮಾಡಿ. ತೂತಿನೊಳಗೆ ಅಡ್ಡಲಾಗಿ ಒಂದು ಕೋಲು ತೂರಿಸಿ. ನಡುವೆ ಉದ್ದ ಕುತ್ತಿಗೆಯ ಬಾಟಲಿ ನೆಟ್ಟಗೆ ನಿಲ್ಲಿಸಿ, ಅದರ ಬುಡ ಕೋಲಿಗೆ ತಾಗಿರಲಿ. ಸುತ್ತಲೂ ಒಣ ಮರದ ಪುಡಿ ತುಂಬಿ, ಒನಕೆಯ ತುದಿಯಿಂದ ಚೆನ್ನಾಗಿ ತುಂಬ ಬಿಗಿಯಾಗಿ ಗಿಡಿಯಿರಿ. ಆಮೇಲೆ ಬಾಟಲಿಯನ್ನು ತಿರುಗಿಸುತ್ತಾ ಮೇಲೆ ಎಳೆಯಿರಿ, ಕೋಲನ್ನೂ ಹೊರಗೆ ತೆಗೆಯಿರಿ. ಕೆಳಗಿನ ತೂತಿನಿಂದ ಬೆಂಕಿ ಕೊಟ್ಟರೆ ನಡುವಿನ ಬಾವಿಯ ಗೋಡೆ ನಿಧಾನ ಸುಡುತ್ತಾ ಹೋಗುತ್ತದೆ. ಎರಡು ಮೂರು ತಾಸು ಯಾರೂ ಮುಟ್ಟಬೇಕಿಲ್ಲ. ಪುಡಿ ಸಡಿಲ ಇದ್ದರೆ ಕುಸಿದು ಹೊಗೆ ಕಾರುತ್ತದೆ. ಇದನ್ನು ಹೊರಗೆ ಮಾಡಿನ ಕೆಳಗೆ ಇಟ್ಟುಕೊಳ್ಳಿ, ಒಳಗೆ ಬೇಡ.

ದಿನಾ ಒಲೆ ಹಚ್ಚುವಾಗ

ಜಾಲರಿಯ ಮೇಲಿನ ಬೂದಿ ಕೆದಕಿ ಇಳಿಸಿ. ಗರಿ, ಅದರ ಮೇಲೆ ಗರಟೆ ಚೂರು, ಮೇಲೆ ಎರಡು ತೆಳು ಸೀಳು. ಜ್ವಾಲೆ ಎದ್ದ ಮೇಲೆ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋಗಿ. ಒಂದೇ ಸಲ ಗೂಡು ತುಂಬಿಸಿದರೆ ಗಾಳಿ ಸಾಲದೆ ಹೊಗೆ ಬರುತ್ತದೆ. ಮಾಡಿನ ಮೇಲೆ ಕೊಳವೆ ನೋಡಿ: ಹೊತ್ತಿ ಹತ್ತು ನಿಮಿಷ ಆದ ಮೇಲೂ ದಟ್ಟ ಬಿಳಿ ಹೊಗೆ ಇದ್ದರೆ ಕಟ್ಟಿಗೆ ಹಸಿ, ಕಪ್ಪು ಹೊಗೆ ಇದ್ದರೆ ಗಾಳಿ ಸಾಲದು. ಏನೂ ಕಾಣದಿದ್ದರೆ ಒಲೆ ಸರಿಯಾಗಿ ಉರಿಯುತ್ತಿದೆ. ಹಂಡೆಗೆ ಮುಚ್ಚಳ ಹಾಕಿ, ಆದರೆ ಬಿಗಿಯಾಗಿ ಅಲ್ಲ.

ಈಗ ಹೊಗೆಗಿಂತ ಮುಖ್ಯವಾದ ಮಾತು. ಐದು ವರ್ಷದ ಹಿಂದೆ ನಮ್ಮ ಬಚ್ಚಲು ಹೊಸದು ಮಾಡಿಸಿದೆವು. ಟೈಲ್ಸ್ ಹಾಕಿಸಿ, ಹಳೆ ಕಿಂಡಿ ಮುಚ್ಚಿಸಿ, ಬಾಗಿಲು ಬಿಗಿ ಮಾಡಿಸಿದೆವು. ಆ ಜನವರಿಯಲ್ಲಿ ಅಮ್ಮ ಸ್ನಾನಕ್ಕೆ ಹೋದವರು ಬೇಗ ಹೊರಗೆ ಬಂದು ಜಗಲಿಯ ಕಂಬ ಹಿಡಿದು ಕೂತರು. "ತಲೆ ಸುತ್ತಾ ಇದೆ ಮಗಾ, ವಾಂತಿ ಬಂದ ಹಾಗೆ" ಅಂದರು. ಒಲೆಯಲ್ಲಿ ಹೊಗೆಯೇ ಇರಲಿಲ್ಲ, ಬರೀ ಕೆಂಡ. ಅದೇ ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಅವತ್ತು ಅಮ್ಮ ಗಾಳಿಯಲ್ಲಿ ಅರ್ಧ ತಾಸು ಕೂತು ಸುಧಾರಿಸಿಕೊಂಡರು. ಒಳಗೆ ಚಿಲಕ ಹಾಕಿಕೊಂಡು ಬಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ನಡುಗುತ್ತದೆ.

ಮರುದಿನವೇ ಗೋಡೆ ಒಡೆಸಿ ಒಲೆಯ ಬಾಯಿ ಹೊರಗಡೆಗೆ ಮಾಡಿಸಿದೆವು. ಹಂಡೆ ಒಳಗೆ, ಬೆಂಕಿ ಹೊರಗೆ. ನೀವೂ ಹೀಗೇ ಮಾಡಿ. ಆಗದಿದ್ದರೆ ಸೂರಿನ ಹತ್ತಿರ ಒಂದು, ನೆಲದ ಹತ್ತಿರ ಒಂದು ಮುಚ್ಚಲಾಗದ ಗಾಳಿ ಕಿಂಡಿ ಬಿಡಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ಹೊರಗೆ ಬನ್ನಿ, ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಲೇಬೇಡಿ. ಬಾಣಂತಿ ಕೋಣೆಯಲ್ಲಂತೂ ಮಗು ಇರುತ್ತದೆ, ಇನ್ನೂ ಎಚ್ಚರ ಬೇಕು.

ವರ್ಷದ ಕೆಲಸ

ಹಂಡೆಯ ತಳದ ಮಸಿ ಶಾಖವನ್ನು ತಡೆಯುತ್ತದೆ, ತಿಂಗಳಿಗೊಮ್ಮೆ ಕೆರೆದು ತೆಗೆಯಿರಿ. ಹಸಿ ಕಟ್ಟಿಗೆ ಸುಟ್ಟ ಮನೆಯಲ್ಲಿ ಕೊಳವೆಯೊಳಗೆ ಡಾಂಬರಿನಂಥ ಕಪ್ಪು ಅಂಟಿರುತ್ತದೆ. ಅದಕ್ಕೆ ಬೆಂಕಿ ಹಿಡಿದರೆ ಮಾಡಿಗೇ ಅಪಾಯ. ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಗೆ ಮೊದಲೊಮ್ಮೆ ಬಿದಿರಿನ ತುದಿಗೆ ತೆಂಗಿನ ನಾರು ಕಟ್ಟಿ ಕೊಳವೆ ಉಜ್ಜಿ.

ಬೂದಿಯನ್ನು ಮಳೆಗೆ ಬಿಡಬೇಡಿ, ಅದರಲ್ಲಿರುವ ಪೊಟ್ಯಾಷ್ ನೀರಿನಲ್ಲಿ ತೊಳೆದು ಹೋಗುತ್ತದೆ. ಮುಚ್ಚಳ ಇರುವ ತಗಡಿನ ಡಬ್ಬದಲ್ಲಿಟ್ಟು ಮಳೆ ಇಳಿದ ಮೇಲೆ ಅಡಿಕೆ, ತೆಂಗಿನ ಬುಡಕ್ಕೆ ತೆಳ್ಳಗೆ ಹಾಕಿ. ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು. ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ, ಆದ್ದರಿಂದ ಡಬ್ಬವನ್ನು ಗೋಣಿ ಚೀಲ, ಸೋಗೆ ರಾಶಿಯಿಂದ ದೂರ ಇಡಿ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಹೇಗೂ ಹೊರಗೆ ಬರುತ್ತದೆ. ಹುಣಸೆ ಹುಳಿ, ಬೂದಿ ಹಾಕಿ ತಿಕ್ಕುವಾಗ ತಳದಲ್ಲಿ ತೆಳುವಾದ ಜಾಗ ಇದೆಯಾ ಅಂತ ಬೆರಳಲ್ಲಿ ತಟ್ಟಿ ನೋಡಿ. ಖಾಲಿ ಗೂಡಿನೊಳಗೆ ಕೈ ಹಾಕಿ ಮಣ್ಣು ಉದುರಿದಲ್ಲಿ ಹೊಸದು ಮೆತ್ತಿ, ಬಾಗಿದ ಸರಳು ಬದಲಿಸಿ. ಸಂಜೆಗೆ ಹಂಡೆ ಕೂರಿಸಿ, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿಟ್ಟರೆ ಬೆಳಗಿನ ಜಾವದ ಎಣ್ಣೆ ಸ್ನಾನಕ್ಕೆ ಒಲೆ ತಯಾರು.